ದಿನಕ್ಕೆ ಮೂರು ಸಲ ಹದಿಮೂರು ಗಂಟೆ

ಅರಸೀಕೆರೆಯಲ್ಲಿ ಒಂದು ದಿನ ನಗುವಂಥದ್ದೇನೂ ನಡೆಯಲಿಲ್ಲವೆಂದರೆ ಅವತ್ತು ಸ್ಟೇಷನ್ನಿಗೆ ಒಂದೂ ರೈಲು ಬರಲಿಲ್ಲವೆಂದೇ ತಿಳಿಯಬೇಕು. ಮೂರು ಕಡೆಯಿಂದ ರೈಲು ಬಂದು ಜನರನ್ನು ಸುರಿಯುವ ಊರು. ಅಂಥ ಊರಿಗೆ ನಾನೂ ಬಂದು ಸೇರಿದ ಮೇಲೆ ಕೇಳಬೇಕೆ? ನಾನಿದ್ದ ಕಡೆ ಏನಾದರೊಂದು ಆಗಿಯೇ ಆಗುತ್ತದೆ. ಇದು ಜಂಬದ ಮಾತಲ್ಲ, ನಮ್ಮ ಮಾವನೇ ಹೇಳುತ್ತಾನೆ. ಅವನು ಹೇಳುವ ಧಾಟಿ ಮಾತ್ರ ಬೇರೆ.

೧. ನೆರಳು ನೋಡಿ ಹೇಳಿದ್ದು

ನಾನು ಬಸ್ತಿಹಳ್ಳಿಯವನು. ಹಳೇಬೀಡಿಗೆ ಕೂಗಳತೆ. ನಮ್ಮೂರ ಬಸದಿಯ ಕಂಬಗಳನ್ನು ಹಿಂದಿನವರು ಕನ್ನಡಿಯ ಹಾಗೆ ನುಣುಪು ಮಾಡಿಟ್ಟಿದ್ದಾರೆ. ಆ ಕಂಬದಲ್ಲಿ ಮುಖ ನೋಡಿಕೊಂಡು ತಲೆ ಬಾಚಿ ಬೆಳೆದವನು ನಾನು. ಪೇಟೆಯವರು ಗೋಡೆಗೆ ಮೊಳೆ ಹೊಡೆದು ಅಂಗೈಯಗಲದ ಕನ್ನಡಿ ತೂಗುಹಾಕಿಕೊಂಡು ಬೀಗುವುದನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ.

ಅರಸೀಕೆರೆಯ ಪೇಟೆ ಬೀದಿಯಲ್ಲಿ ಒಂದು ಮಂಡಳಿಯಿತ್ತು. ಏಳು ಜನ ಸದಸ್ಯರು. ಒಂದು ಕೋಣೆಯ ವಾಚನಾಲಯ, ಎರಡು ಬೆಂಚು, ಹಾಳೆ ಬಿಡಿಸಿ ಎಂಟು ಜನ ಒಟ್ಟಿಗೆ ಓದುವ ಒಂದು ಪತ್ರಿಕೆ, ಗೋಡೆಗೆ ಒಂದು ದೊಡ್ಡ ಗಡಿಯಾರ. ಬಾಗಿಲ ಮುಂದಿನ ಬೇವಿನ ಮರಕ್ಕೆ ಮೊಳದುದ್ದದ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಗಂಟೆಗೊಂದು ಸಲ ಅದನ್ನು ಸುತ್ತಿಗೆಯಿಂದ ಹೊಡೆದು ಬೀದಿಗೆಲ್ಲ ಹೊತ್ತು ತಿಳಿಸುವುದಕ್ಕೆ ಒಬ್ಬ ಆಳು ಬೇಕಾಗಿದ್ದ. ನಾನು ಹೋದೆ.

ಮಂಡಳಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು. ಉಪಾಧ್ಯಕ್ಷರು ರಿಟೈರಾದ ಹೆಡ್‌ಮೇಷ್ಟರು. ಇಬ್ಬರೂ ಒಂದೊಂದು ಬೆಂಚಿನ ಮೇಲೆ ಕೂತಿದ್ದರು. ಅವರು ಒಂದೇ ಬೆಂಚಿನ ಮೇಲೆ ಕೂತದ್ದನ್ನು ನಾನು ಕಂಡಿಲ್ಲ.

"ಗಡಿಯಾರ ನೋಡೋಕೆ ಬರುತ್ತೇನಯ್ಯಾ?" ಎಂದರು ಸಾಹುಕಾರರು.

"ಬರುತ್ತೆ ಬುದ್ಧೀ. ಆದ್ರೆ ನನಗೆ ಗಡಿಯಾರ ಬೇಕಾಗಿಲ್ಲ. ನೆರಳು ನೋಡೇ ಹೇಳ್ತೀನಿ. ನಮ್ಮೂರ ಕಡೆ ಎಲ್ಲಾರೂ ಹಂಗೇಯ."

ಮೇಷ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಹೊರಗೆ ಹೋಗಿ ಹೇಳು, ನೋಡೋಣ," ಎಂದರು.

ನಾನು ಬೇವಿನ ಮರದ ಕೆಳಗೆ ನಿಂತೆ. ನೆರಳನ್ನು ಹೆಜ್ಜೆಯಿಂದ ಅಳೆದೆ. ಒಂದು ಕಣ್ಣು ಮುಚ್ಚಿ ಆಕಾಶ ನೋಡಿದೆ. "ಹನ್ನೊಂದೂ ಕಾಲು," ಎಂದೆ.

ಒಳಗಿನ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಮೇಷ್ಟರು ನಕ್ಕರು. "ನಿಮ್ಮೂರ ಸೂರ್ಯ ಅರ್ಧ ಗಂಟೆ ಮುಂದೆ ಓಡ್ತಾನಾ?" ಎಂದು ಕೇಳುತ್ತಿದ್ದಾಗಲೇ ಮಂಡಳಿಯ ಕಾರ್ಯದರ್ಶಿಗಳು ಬಂದರು. ಅವರು ಅಂಚೆ ಕಚೇರಿಯ ಗುಮಾಸ್ತರು, ಯಾರ ತಂಟೆಗೂ ಹೋಗದ ಸಾಧು ಮನುಷ್ಯ. ಬಂದವರೇ, "ನಮ್ಮ ಗಡಿಯಾರ ಮತ್ತೆ ಅರ್ಧ ಗಂಟೆ ಹಿಂದೆ ಬಿದ್ದಿದೆ ಕಣ್ರೀ. ಸ್ಟೇಷನ್ನಿನಲ್ಲಿ ಈಗ ಹನ್ನೊಂದೂ ಕಾಲು," ಎಂದರು.

ಇಬ್ಬರ ಬಾಯೂ ತೆರೆದುಕೊಂಡಿತು. ಕೆಲಸ ನನ್ನದಾಯಿತು. ನಾನು ಬರುವಾಗ ಸ್ಟೇಷನ್ನಿನ ಗಡಿಯಾರ ನೋಡಿಕೊಂಡೇ ಬಂದಿದ್ದೆನೆಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸವೇನೋ ಸಿಕ್ಕಿತು, ಆದರೆ ಹಂಗಾಮಿ. ಒಂದು ವರ್ಷ ನೋಡಿ ಖಾಯಂ ಮಾಡುತ್ತೇವೆಂದರು. ಖಾಯಮ್ಮಿನ ಮೇಲೆ ನನ್ನ ಬಾಳೆಲ್ಲ ನಿಂತಿತ್ತು. ಮಾದಿಹಳ್ಳಿಯ ನನ್ನ ಸೋದರಮಾವ ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದವನು, ನಾನು ನೇಗಿಲು ಬಿಟ್ಟು ಪೇಟೆ ಸೇರಿದೆನೆಂದು ಕೇಳಿ, "ಖಾಯಂ ಆದ ಕಾಗದ ತಕ್ಕೊಂಡು ಬಾ, ಆಮ್ಯಾಕೆ ಲಗ್ನದ ಮಾತು," ಎಂದು ಹೇಳಿ ಕಳಿಸಿದ್ದ. ಅದಕ್ಕೆ ನಾನು, "ಇಡೀ ಪೇಟೆ ಬೀದಿ ನಾನು ಹೊಡೆದರೆ ಏಳುತ್ತೆ, ನಾನು ಹೊಡೆದರೆ ಉಣ್ಣುತ್ತೆ," ಎಂದು ತಿರುಗಿ ಹೇಳಿ ಕಳಿಸಿದ್ದೆ.

೨. ಹೂವಿನಜ್ಜಿಯ ಲೆಕ್ಕ

ಅಷ್ಟರಲ್ಲಿ ಯುದ್ಧದ ಗಡಿಬಿಡಿ. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ಒಂದು ದಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕೆಂದು ಅಪ್ಪಣೆ ಬಂತು. ರೈಲಿನವರು ತಿರುಗಿಸಿದರು, ಅಂಚೆಯವರು ತಿರುಗಿಸಿದರು, ಸ್ಕೂಲಿನವರೂ ತಿರುಗಿಸಿದರು. ಪೇಟೆ ಬೀದಿಯ ಮಂಡಳಿ ಮಾತ್ರ ಸಭೆ ಸೇರಿತು.

ಸಾಹುಕಾರರು, "ನನ್ನ ಮಂಡಿಗೆ ಕೊಬ್ಬರಿ ಗಾಡಿ ಬರೋದು ಸೂರ್ಯನನ್ನು ನೋಡಿಕೊಂಡು. ಎತ್ತಿಗೆ ಹೊಸ ಟೈಮು ಹೇಳಿಕೊಡೋಕೆ ಆಗುತ್ತೇನ್ರೀ?" ಎಂದರು.

ಮೇಷ್ಟರು, "ಲೋಕವೇ ಒಂದು ಗಂಟೆ ಮುಂದೆ ಹೋದಾಗ ನಮ್ಮ ಬೀದಿಯೊಂದು ಹಿಂದೆ ಉಳಿಯಬೇಕೆ?" ಎಂದರು.

ಹಳೇ ಗಂಟೆಯ ಕಡೆ ಮೂರು ಜನ, ಹೊಸ ಗಂಟೆಯ ಕಡೆ ಮೂರು ಜನ. ಏಳನೆಯವರು ಕಾರ್ಯದರ್ಶಿಗಳು. ಅವರನ್ನು ಕೇಳಿದರೆ, "ನಾನು ಬರೆಯೋನು, ಬರೆಯೋದಷ್ಟೇ ನನ್ನ ಕೆಲಸ," ಎಂದು ತಲೆ ತಗ್ಗಿಸಿದರು. ಕೊನೆಗೆ, ಒಂದು ತೀರ್ಮಾನ ಆಗುವವರೆಗೆ ಎರಡನ್ನೂ ಹೊಡೆಯತಕ್ಕದ್ದು ಎಂದು ನನಗೆ ಹುಕುಂ ಆಯಿತು.

ಮರುದಿನ ಬೆಳಿಗ್ಗೆ ಹಳೇ ಲೆಕ್ಕದಲ್ಲಿ ಆರು, ಹೊಸ ಲೆಕ್ಕದಲ್ಲಿ ಏಳು. ಆರು ಹೊಡೆದು, ಉಸಿರೆಳೆದುಕೊಂಡು, ಏಳು ಹೊಡೆದೆ. ಬೀದಿಯವರು ಎಣಿಸಿದರೆ ಹದಿಮೂರು. ಮಧ್ಯಾಹ್ನ ಹಳೇದು ಹನ್ನೆರಡು, ಹೊಸದು ಒಂದು. ಮತ್ತೆ ಹದಿಮೂರು. ಸಂಜೆ ಆರೂ ಏಳೂ ಸೇರಿ ಮತ್ತೆ ಹದಿಮೂರು. ಬೆಳಿಗ್ಗೆ ಹನ್ನೊಂದು ಹನ್ನೆರಡರ ಹೊತ್ತಿಗೆ ಇಪ್ಪತ್ತಮೂರು ಏಟು. ನಾನು ಗಟ್ಟಿ ರಟ್ಟೆಯವನಾದ್ದರಿಂದ ತಡೆದುಕೊಂಡೆ. ಪೇಟೆ ಹುಡುಗನಾಗಿದ್ದರೆ ಮಧ್ಯದಲ್ಲೇ ಊಟಕ್ಕೆ ಹೋಗಿಬಿಡುತ್ತಿದ್ದ.

ಬೇವಿನ ಮರದ ಕೆಳಗೆ ಹೂವು ಮಾರುವ ಅಜ್ಜಿ ಮೊದಲನೇ ದಿನ ಮೂರು ಸಲವೂ ಬೆರಳು ಮಡಿಚಿ ಎಣಿಸಿದಳು. ಸಂಜೆ ಕುಕ್ಕೆ ಎತ್ತಿಕೊಂಡವಳು ನನ್ನ ಮುಂದೆ ನಿಂತು, "ಸರ್ಕಾರದೋರು ಧರ್ಮವಂತ್ರು ಕಣಪ್ಪ," ಎಂದಳು.

"ಯಾಕಜ್ಜಿ?"

"ಅಕ್ಕಿ ಕಮ್ಮಿ ಮಾಡುದ್ರು, ಸೀಮೆಎಣ್ಣೆ ಕಮ್ಮಿ ಮಾಡುದ್ರು. ಗಂಟೆ ಮಾತ್ರ ಹನ್ನೆರಡು ಇದ್ದದ್ದ ಹದಿಮೂರು ಮಾಡಿ ಕೊಟ್ರಲ್ಲ."

೩. ಮೇಷ್ಟರ ಮೊಮ್ಮಗ

ಸಂಜೆಯಾದರೆ ವಾಚನಾಲಯದಲ್ಲಿ ಪತ್ರಿಕೆ ಓದುವವರಿಗಿಂತ ಮಾತಾಡುವವರೇ ಹೆಚ್ಚು. ಪೇಟೆಯವರ ಮಾತು ಮೂರೇ ಮೂರು. ಹಾಲಿಗೆ ನೀರು, ಬಾಡಿಗೆ ಮನೆ, ಮಕ್ಕಳು. ಮೊದಲನೆಯ ಎರಡನ್ನು ಬೈದು ಸುಸ್ತಾದ ಮೇಲೆ ಮೂರನೆಯದಕ್ಕೆ ಬರುತ್ತಾರೆ.

"ಹಳ್ಳಿಯಲ್ಲಿ ಮಕ್ಕಳು ತಾವಾಗಿಯೇ ಬೆಳೀತವೆ," ಎಂದು ನಿಟ್ಟುಸಿರು ಬಿಟ್ಟರು ಕಾರ್ಯದರ್ಶಿಗಳು. ಅವರಿಗೆ ನಾಲ್ಕು ಮಕ್ಕಳು. "ಪೇಟೆಯಲ್ಲಿ ನಾವು ಬೆಳೆಸಬೇಕು."

"ನಿಜ ಸ್ವಾಮಿ," ಎಂದು ನಾನು ಬಾಗಿಲಿಂದಲೇ ಹೇಳಿದೆ. "ನನ್ನನ್ನೇ ನೋಡಿ."

ಅವರು ನನ್ನನ್ನು ಒಂದು ಸಲ ನೋಡಿ ಮುಖ ಆಚೆ ತಿರುಗಿಸಿದರು.

ಮೇಷ್ಟರು ಬೆಂಚಿನ ಮೇಲೆ ನೆಟ್ಟಗೆ ಕೂತು, "ಮಕ್ಕಳಿಗೆ ಬೇಕಾದ್ದು ಹೊತ್ತಿಗೆ ಸರಿಯಾದ ನಡವಳಿಕೆ. ನನ್ನ ಮೊಮ್ಮಗನನ್ನು ನೋಡಿ. ಏಳುವುದು ಆರಕ್ಕೆ, ಆಟ ಮುಗಿಸಿ ಮನೆ ಸೇರುವುದು ಆರಕ್ಕೆ, ಮಲಗುವುದು ಎಂಟಕ್ಕೆ. ಒಂದು ನಿಮಿಷ ಆಚೀಚೆ ಇಲ್ಲ," ಎಂದರು.

ಹಾಗೆನ್ನುತ್ತಿದ್ದಾಗಲೇ ಸ್ಕೂಲಿನಿಂದ ಒಂದು ಚೀಟಿ ಬಂತು. ಈ ನಿಮಿಷ ತಪ್ಪದ ಮೊಮ್ಮಗ ಹತ್ತು ದಿನದಿಂದ ಒಂದು ಗಂಟೆ ತಡವಾಗಿ ಬರುತ್ತಾನೆಂದೂ, ಸಂಜೆ ಮಾತ್ರ ಗಂಟೆ ಹೊಡೆಯುವುದಕ್ಕೂ ಮುಂಚೆ ಪುಸ್ತಕ ಕಟ್ಟಿಕೊಂಡು ಕೂತಿರುತ್ತಾನೆಂದೂ ಅದರಲ್ಲಿತ್ತು.

ಹುಡುಗನನ್ನು ಕರೆಸಿದರು. ಮೇಷ್ಟರು ಎಲ್ಲರ ಮುಂದೆ ವಿಚಾರಣೆಗೆ ಕೂತರು.

"ಸ್ಕೂಲಿಗೆ ಎಷ್ಟು ಗಂಟೆಗೆ ಹೋದೆಯೋ?"

"ಹತ್ತೂವರೆಗೆ ತಾತ. ಹಳೇದು."

"ಬಿಡೋದು?"

"ನಾಲ್ಕೂವರೆಗೆ. ಹೊಸದು."

"ಬೆಳಿಗ್ಗೆ ಏಳೋದು?"

"ಹಳೇ ಆರಕ್ಕೆ."

"ಊಟ?"

"ಊಟ ಹೊಸದಕ್ಕೆ ತಾತ. ಆಮೇಲೆ ಹಳೇದಕ್ಕೂ ಒಂದು ಸ್ವಲ್ಪ."

ಸಾಹುಕಾರರು ಎದುರು ಬೆಂಚಿನಲ್ಲಿ ಮೀಸೆಯಡಿಯಲ್ಲೇ ನಕ್ಕರು. ಹೊಸ ಗಂಟೆಯ ಮುಖಂಡರ ಮನೆಯಲ್ಲೇ ಹಳೇ ಗಂಟೆಯ ಪಕ್ಷ ಹುಟ್ಟಿಕೊಂಡಿದೆಯೆಂದು ಅವರಿಗೆ ಹಬ್ಬವಾಗಿತ್ತು. ಮೇಷ್ಟರು ಕೆಂಪಾಗಿ, "ಯಾರೋ ನಿನಗೆ ಹೀಗೆ ಹೇಳಿಕೊಟ್ಟೋರು?" ಎಂದರು.

ಹುಡುಗ ಮರಕ್ಕೆ ತೂಗಿದ ಕಂಬಿಯನ್ನು ತೋರಿಸಿದ. "ಎರಡೂ ಸರಿ ಅಂತ ನೀವೇ ತಾನೆ ತಾತ ದಿನಾ ಹೊಡೆಸೋದು?"

೪. ಸಾಹುಕಾರರ ರೈಲು

ಸಾಹುಕಾರರು ನಕ್ಕದ್ದು ಹೆಚ್ಚು ದಿನ ಉಳಿಯಲಿಲ್ಲ. ಅವರಿಗೆ ಬೆಂಗಳೂರಿಗೆ ಹೋಗಬೇಕಾದ ಕೆಲಸ ಬಿತ್ತು. ರೈಲು ಒಂಬತ್ತಕ್ಕೆ. ಅವರು ಪೂಜೆ ಮುಗಿಸಿ, ಅಂಗವಸ್ತ್ರ ಹೊದ್ದು, ನಾನು ಹಳೇ ಒಂಬತ್ತು ಹೊಡೆಯುವುದಕ್ಕೆ ಹತ್ತು ನಿಮಿಷ ಮುಂಚೆ ಸ್ಟೇಷನ್ನು ಸೇರಿದರು. ಚೀಲ ಹೊತ್ತು ನಾನೂ ಹೋಗಿದ್ದೆ, ಹೊಡೆಯುವ ಹೊತ್ತಿಗೆ ಓಡಿ ಬರಬಹುದೆಂದು.

"ರೈಲು ಹೋಗಿ ಮುಕ್ಕಾಲು ಗಂಟೆ ಮೇಲಾಯ್ತಲ್ಲ ಸಾಹುಕಾರ್ರೇ," ಎಂದರು ಟಿಕೆಟ್ಟಿನವರು.

"ಹೇಗೆ ಹೋಗುತ್ತೆ? ಇನ್ನೂ ಒಂಬತ್ತೇ ಆಗಿಲ್ಲ."

"ಆಗಿದೆ. ಹತ್ತಾಗ್ತಾ ಬಂತು."

"ಅದು ನಿಮ್ಮ ಒಂಬತ್ತು. ನಮ್ಮ ಒಂಬತ್ತಿನ ರೈಲು ಎಲ್ಲಿ?"

ಅಷ್ಟರಲ್ಲಿ ಎದುರಿನ ಪ್ಲಾಟ್‌ಫಾರಮ್ಮಿಗೆ ಹೊಗೆಯುಗುಳುತ್ತ ಒಂದು ರೈಲು ಬಂದು ನಿಂತಿತು. ಸಾಹುಕಾರರು ಟಿಕೆಟ್ಟಿನವರ ಕಡೆ ಗೆದ್ದವರ ಹಾಗೆ ನೋಡಿದರು. "ನೋಡಿದ್ರಾ? ಒಂಬತ್ತಕ್ಕೆ ಸರಿಯಾಗಿ ಬಂತು," ಎಂದು ನನ್ನ ಕೈಯಿಂದ ಚೀಲ ಕಸಿದುಕೊಂಡು, ಕೂಗುವವರ ಮಾತು ಕೇಳದೆ ಹೋಗಿ ಹತ್ತಿದರು. ನಾನು ಒಂಬತ್ತೂ ಹತ್ತೂ ಹೊಡೆಯಲು ಓಡಿದೆ.

ಅದು ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆ ಹೋಗುವ ರೈಲು. ಸಂಜೆ ಸಾಹುಕಾರರು ಬಾಣಾವರದಿಂದ ಎತ್ತಿನ ಗಾಡಿಯಲ್ಲಿ ವಾಪಸು ಬಂದರು. ವಾಚನಾಲಯದ ಮುಂದೆ ಗಾಡಿ ನಿಂತಾಗ ಮೇಷ್ಟರು ಪತ್ರಿಕೆಯಿಂದ ತಲೆಯೆತ್ತದೆಯೇ, "ಎತ್ತಿಗಾದರೂ ದಾರಿ ಗೊತ್ತಿತ್ತು ಪಾಪ," ಎಂದರು.

೫. ಮೊದಲು ಯಾರದು

ಇಷ್ಟಾದ ಮೇಲೆ ಇಬ್ಬರ ಕೋಪವೂ ಎಲ್ಲಿಗೆ ಹೋಗಬೇಕು? ನೇರವಾಗಿ ನನ್ನ ಮೇಲೆ ಬಂತು.

"ಇವನು ಹಳೇ ಗಂಟೆಯನ್ನೇ ಮೊದಲು ಹೊಡೀತಾನೆ. ಇದು ಪಕ್ಷಪಾತ," ಎಂದರು ಮೇಷ್ಟರು. "ಅಲ್ಲದೆ ಹಳೇದನ್ನು ಜೋರಾಗಿ ಹೊಡೀತಾನೆ, ಹೊಸದನ್ನು ಮೆತ್ತಗೆ."

ಎರಡನೆಯದನ್ನು ಹೊಡೆಯುವ ಹೊತ್ತಿಗೆ ಯಾರ ಕೈಯಾದರೂ ಸೋಲುತ್ತದೆ. ಆದರೆ ನನ್ನ ಕೈ ಸೋಲುತ್ತದೆಂದು ಬಾಯಿಬಿಟ್ಟು ಹೇಳುವವನೇ ನಾನು? ಸುಮ್ಮನೆ ಮರುದಿನದಿಂದ ಹೊಸದನ್ನು ಮೊದಲು ಹೊಡೆದೆ. ಸಾಹುಕಾರರು ಮಂಡಿಯಿಂದ ಆಳನ್ನು ಕಳಿಸಿ, "ಯಾರ ಉಪ್ಪು ತಿಂತಿದ್ದೀಯ ಅಂತ ಕೇಳಿಕೊಂಡು ಬಾ ಅಂದ್ರು," ಎಂದು ಹೇಳಿಸಿದರು.

ಕಾರ್ಯದರ್ಶಿಗಳು ಒಂದು ಉಪಾಯ ಹೇಳಿದರು. ಬೆಸ ತಾರೀಖಿಗೆ ಹಳೇದು ಮೊದಲು, ಸಮ ತಾರೀಖಿಗೆ ಹೊಸದು ಮೊದಲು. ಇಬ್ಬರೂ ಒಪ್ಪಿದರು. ಇಡೀ ತಿಂಗಳು ಪೇಟೆ ಬೀದಿಯಲ್ಲಿ ಶಾಂತಿ ನೆಲಸಿತು.

ಆಮೇಲೆ ಮೂವತ್ತೊಂದನೇ ತಾರೀಖು ಬಂತು. ಅದರ ಮಾರನೆಯ ದಿನ ಒಂದು. ಎರಡು ದಿನ ಒಟ್ಟಿಗೆ ಹಳೇ ಗಂಟೆ ಮೊದಲಾಯಿತೆಂದು ಮೇಷ್ಟರು ನಾಲ್ಕು ಪುಟದ ತಕರಾರು ಬರೆದರು. ಪಂಚಾಂಗ ತಿದ್ದುವುದು ಮಂಡಳಿಯ ಕೈಯಲ್ಲಿಲ್ಲ ಎಂದು ಕಾರ್ಯದರ್ಶಿಗಳು ಎರಡು ಸಾಲಿನ ಉತ್ತರ ಬರೆದರು. ಅದನ್ನೋದಿ ಮೇಷ್ಟರು, "ಕೈಯಲ್ಲಿ ಇಲ್ಲದಿದ್ದರೆ ಮಂಡಳಿ ಯಾತಕ್ಕೆ?" ಎಂದರು.

೬. ಮಾವ ಎಣಿಸಿದ್ದು

ನನ್ನ ಗ್ರಹಚಾರಕ್ಕೆ ನಮ್ಮ ಮಾವ ಆ ವಾರವೇ ಬಂದ. ಇದ್ದಿಲು ಸುಟ್ಟು ಓಡುವ ಬಸ್ಸಿನಲ್ಲಿ, ಇಳಿದು ತಳ್ಳುವಷ್ಟು ತಳ್ಳಿ, ಹತ್ತುವಷ್ಟು ಹತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ನಡು ಮಧ್ಯಾಹ್ನ ಪೇಟೆ ಬೀದಿಗೆ ಬಂದು ನಿಂತ. ಅಳಿಯನಾಗುವವನ ದರ್ಬಾರು ನೋಡಬೇಕೆಂದು ಬಂದಿದ್ದ. ನಾನು ದೂರದಿಂದಲೇ ಕಂಡು, ತಲೆಗೆ ರುಮಾಲು ಬಿಗಿದು, ಎಂದಿಗಿಂತ ಜೋರಾಗಿ ಹನ್ನೆರಡು ಹೊಡೆದೆ. ಬೀದಿಯೆಲ್ಲ ಗುಂಯ್‌ಗುಟ್ಟಿತು. ಆಮೇಲೆ ಒಂದು ಹೊಡೆದೆ.

ಮಾವ ಹೂವಿನಜ್ಜಿಯ ಪಕ್ಕ ನಿಂತು ಬೆರಳು ಮಡಿಚಿದ್ದವನು ಬೆರಳುಗಳನ್ನೇ ನೋಡುತ್ತ ಹತ್ತಿರ ಬಂದ.

"ಏನ್ಲಾ, ಹದಿಮೂರು ಹೊಡೆದ್ಯಲ್ಲ?"

"ಅದು ಹಂಗಲ್ಲ ಮಾವ. ಹನ್ನೆರಡು ಒಂದು, ಒಂದು ಒಂದು."

"ಹನ್ನೆರಡಕ್ಕೆ ಒಂದು ಸೇರುಸುದ್ರೆ ಹದಿಮೂರೇ ತಾನೆ? ನಿಂಗೆ ಎಣಿಸಾಕೆ ಬರಾಕಿಲ್ವಾ?"

ನಾನು ಯುದ್ಧದಿಂದ ಹಿಡಿದು ಮೂವತ್ತೊಂದನೇ ತಾರೀಖಿನವರೆಗೆ ಎಲ್ಲ ಬಿಡಿಸಿ ಹೇಳಿದೆ. ಮಾವ ಕೊನೆಯವರೆಗೂ ಕೇಳಿದ. ಕೇಳಿ, ಹೆಗಲ ವಲ್ಲಿಯಲ್ಲಿ ಮುಖದ ಮಸಿ ಒರೆಸಿಕೊಂಡ.

"ನೋಡ್ಲಾ. ನಮ್ಮೂರಲ್ಲಿ ಒಂದು ಕೆಲಸಾನ ಎರಡು ಸಲ ಮಾಡೋನ್ಗೆ ಕೂಲಿ ಕೊಡಾಕಿಲ್ಲ. ನೀನು ಎರಡು ಸಲ ಮಾಡಿ ಹಂಗಾಮಿ ಅಂತೀಯ. ಮುಂದಿನ ತಿಂಗಳು ಬೇರೆ ಕಡೆಯಿಂದ ನಮ್ಮ ಹುಡುಗೀನ ನೋಡಾಕೆ ಬತ್ತಾರೆ. ಅಷ್ಟರಾಗೆ ಖಾಯಂ ಆದ ಕಾಗದ ತಂದ್ರೆ ಸರಿ."

"ತರ್ತೀನಿ ಮಾವ."

"ಒಂದೇ ಕಾಗದ ತಾ. ನಿಮ್ಮ ಈ ಪೇಟೇಲಿ ಎಲ್ಲಾನೂ ಎರಡೆರಡು ಮಾಡ್ತಾರೆ."

೭. ಎರಡು ನಾಲ್ಕು ಗಂಟೆ

ನಾನು ಕಾರ್ಯದರ್ಶಿಗಳ ಮನೆಗೆ ಹೋಗಿ ಕೂತುಬಿಟ್ಟೆ. ಅವರ ನಾಲ್ಕು ಮಕ್ಕಳೂ ನನ್ನ ಮೈಮೇಲೆ ಹತ್ತಿ ಇಳಿಯುತ್ತಿದ್ದವು. ಅದನ್ನು ಕಂಡು ಅವರ ಹೆಂಡತಿಗೇ ಮರುಕ ಬಂದು, "ಒಂದು ಸಭೆ ಕರೀರಿ, ಪಾಪ," ಎಂದರು. ಭಾನುವಾರಕ್ಕೆ ಸಭೆಯ ನೋಟೀಸು ಹೊರಟಿತು. ವಿಷಯ ಎರಡು. ಒಂದು, ಗಂಟೆ ಯಾವುದೆಂದು ತೀರ್ಮಾನಿಸುವುದು. ಎರಡು, ಹಂಗಾಮಿ ಆಳನ್ನು ಖಾಯಂ ಮಾಡುವುದು. ಸಮಯ ನಾಲ್ಕು ಗಂಟೆ. ಅದರ ಕೆಳಗೆ ಕಾರ್ಯದರ್ಶಿಗಳ ದುಂಡಗಿನ ರುಜು.

ಭಾನುವಾರ ಹೊಸ ನಾಲ್ಕಕ್ಕೆ ಸರಿಯಾಗಿ ಮೇಷ್ಟರೂ ಅವರ ಕಡೆಯ ಇಬ್ಬರೂ ಬಂದರು. ಸಾಹುಕಾರರ ಬೆಂಚು ಖಾಲಿ. ಅವರ ಲೆಕ್ಕದಲ್ಲಿ ಇನ್ನೂ ಮೂರು ಗಂಟೆ, ಮಂಡಿಯಲ್ಲಿ ದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದರು. ಮೇಷ್ಟರು ಹದಿನೈದು ನಿಮಿಷ ಕಾದು, "ಸದಸ್ಯರು ಮೂವರು, ಕಾರ್ಯದರ್ಶಿಗಳು ಒಬ್ಬರು. ಏಳರಲ್ಲಿ ನಾಲ್ಕು. ಸಭೆ ನಡೆಯಬಹುದು," ಎಂದು ತಾವೇ ಅಧ್ಯಕ್ಷತೆ ವಹಿಸಿದರು. ಇನ್ನು ಮೇಲೆ ಹೊಸ ಗಂಟೆ ಮಾತ್ರ ಎಂದು ಒಮ್ಮತದಿಂದ ತೀರ್ಮಾನವಾಯಿತು. ಹಳೇ ಗಂಟೆಯನ್ನು ಜೋರಾಗಿ ಹೊಡೆದ ಕಾರಣಕ್ಕೆ ಆಳನ್ನು ಈ ಕ್ಷಣದಿಂದ ತೆಗೆಯಲಾಗಿದೆ ಎಂದೂ ತೀರ್ಮಾನವಾಯಿತು. ಕಾರ್ಯದರ್ಶಿಗಳು ಬರೆದರು. ಮೇಷ್ಟರು ಕಾಫಿಗೆ ಮನೆಗೆ ಹೋದರು.

ನನ್ನ ಕಣ್ಣಿಗೆ ಬೇವಿನ ಮರವೇ ಮಸುಕಾಯಿತು. ಸುತ್ತಿಗೆಯನ್ನು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟು, "ನಾನು ಊರಿಗೆ ಹೋಗ್ತೀನಿ ಸ್ವಾಮಿ," ಎಂದೆ.

ಅವರು ಶಾಯಿ ಆರಲೆಂದು ಪುಸ್ತಕಕ್ಕೆ ಊದುತ್ತಿದ್ದರು. "ಅವಸರ ಯಾಕಪ್ಪ? ಕೂತ್ಕೋ. ಇನ್ನೂ ನಾಲ್ಕು ಗಂಟೆ ಆಗಿಲ್ಲ."

ಹಳೇ ನಾಲ್ಕಕ್ಕೆ ಸಾಹುಕಾರರೂ ಅವರ ಕಡೆಯ ಇಬ್ಬರೂ ಬಂದರು. ಮೇಷ್ಟರ ಬೆಂಚು ಖಾಲಿ. ಮೂವರು ಸದಸ್ಯರು, ಕಾರ್ಯದರ್ಶಿಗಳು ಒಬ್ಬರು. ಇನ್ನು ಮೇಲೆ ಹಳೇ ಗಂಟೆ ಮಾತ್ರ ಎಂದು ಒಮ್ಮತದಿಂದ ತೀರ್ಮಾನವಾಯಿತು. ಹಳೇ ಗಂಟೆಯನ್ನು ಜೋರಾಗಿ ಹೊಡೆದ ಕಾರಣಕ್ಕೆ ಆಳನ್ನು ಖಾಯಂ ಮಾಡಲಾಗಿದೆ ಎಂದೂ ಆಯಿತು. ಕಾರ್ಯದರ್ಶಿಗಳು ಅದನ್ನೂ ಬರೆದರು. ಎರಡಕ್ಕೂ ತಲೆಬರಹ ಒಂದೇ: ಭಾನುವಾರ, ನಾಲ್ಕು ಗಂಟೆಗೆ ಸರಿಯಾಗಿ.

ಮರುದಿನ ಸಂಜೆ ವಾಚನಾಲಯದಲ್ಲಿ ಪತ್ರಿಕೆಯನ್ನು ಯಾರೂ ಮುಟ್ಟಲಿಲ್ಲ.

"ನಮ್ಮ ಸಭೆ ಮೊದಲು ನಡೆದದ್ದು, ಅದೇ ಊರ್ಜಿತ," ಎಂದರು ಮೇಷ್ಟರು.

"ನಮ್ಮದು ಆಮೇಲೆ ನಡೆದದ್ದು. ಆಮೇಲಿನದು ಹಿಂದಿನದನ್ನು ರದ್ದು ಮಾಡುತ್ತೆ," ಎಂದರು ಸಾಹುಕಾರರು.

"ನೀವು ಬಂದದ್ದು ಐದಕ್ಕೆ."

"ನೀವು ಬಂದದ್ದು ಮೂರಕ್ಕೆ."

ಇಬ್ಬರೂ ಕಾರ್ಯದರ್ಶಿಗಳ ಕಡೆ ತಿರುಗಿದರು. "ನಾನು ಬರೆಯೋನು," ಎಂದರು ಅವರು.

ಆಗ ನಾನು ಮುಂದೆ ಬಂದು ಕೈಮುಗಿದೆ. ಬಸ್ತಿಹಳ್ಳಿಯ ಬುದ್ಧಿ ಏನೆಂದು ಆವತ್ತು ಪೇಟೆಗೆ ಗೊತ್ತಾಯಿತು. "ಮೇಷ್ಟ್ರೇ, ನೀವು ನನ್ನ ತೆಗೆದಿರೋದು ಹೊಸ ಗಂಟೆಯಿಂದ. ಅದನ್ನ ನಾನಿನ್ನು ಮುಟ್ಟೋಲ್ಲ. ಸಾಹುಕಾರ್ರು ಖಾಯಂ ಮಾಡಿರೋದು ಹಳೇ ಗಂಟೆಗೆ. ಅದನ್ನ ಹೊಡೀತೀನಿ. ಹೊಸದನ್ನ ಯಾರು ಹೊಡೀತಾರೋ ನೀವೇ ನೋಡ್ಕಳಿ."

ಮೇಷ್ಟರು ಹಠಕ್ಕೆ ಬಿದ್ದವರು. ಮಾರನೆಯ ಬೆಳಿಗ್ಗೆ ಪಂಚೆ ಮೇಲಕ್ಕೆ ಕಟ್ಟಿ, ಟವೆಲು ತಲೆಗೆ ಸುತ್ತಿ, ಸುತ್ತಿಗೆ ಹಿಡಿದು ತಾವೇ ಬಂದರು. ನಾನು ಆರು ಹೊಡೆದು ನನ್ನ ಸುತ್ತಿಗೆಯನ್ನು ಕೆಳಗಿಳಿಸಿ ಮರ್ಯಾದೆಯಿಂದ ಪಕ್ಕಕ್ಕೆ ನಿಂತೆ. ಅವರು ಏಳು ಹೊಡೆದರು. ಅವರ ಹಳೆಯ ಶಿಷ್ಯರೆಲ್ಲ ಅಂಗಡಿಗಳಿಂದ ಹೊರಗೆ ಬಂದು ನಿಂತು, ಅವರು ಮಗ್ಗಿ ಹೇಳಿಸುತ್ತಿದ್ದ ರಾಗದಲ್ಲೇ ಒಟ್ಟಿಗೆ ಎಣಿಸಿದರು. ಮೊಮ್ಮಗ ಎಲ್ಲರಿಗಿಂತ ಗಟ್ಟಿಯಾಗಿ ಎಣಿಸಿದ. ಹೊಸ ಹನ್ನೆರಡು ಹೊಡೆಯುವಾಗ ಒಂಬತ್ತನೇ ಏಟಿಗೇ ಅವರ ಸುತ್ತಿಗೆ ನಿಂತಿತು. ಉಳಿದ ಮೂರನ್ನು ಬಾಯಲ್ಲಿ ಹೇಳಿದರು.

ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಮೇಷ್ಟರ ಮನೆಯಿಂದ ಕರೆ ಬಂತು. ಅವರ ಮಡದಿ ಭುಜಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು.

"ನಿನ್ನ ಮೇಲೆ ನನಗೆ ದ್ವೇಷವೇನಿಲ್ಲ ಕಣಯ್ಯಾ," ಎಂದರು ಮೇಷ್ಟರು. "ಜೋರಾಗಿ ಹೊಡೆಯೋದು ಕಷ್ಟ ಅಂತ ಈಗ ಗೊತ್ತಾಯ್ತು. ಹೊಸ ಗಂಟೆಗೂ ನಿನ್ನನ್ನು ಖಾಯಂ ಮಾಡ್ತೀವಿ. ಕಾಗದ ತಗೋ."

ಹೀಗೆ ಪೇಟೆ ಬೀದಿಯ ಚರಿತ್ರೆಯಲ್ಲಿ ಒಂದೇ ಕೆಲಸಕ್ಕೆ ಎರಡು ಸಲ ಖಾಯಂ ಆದವನು ನಾನೊಬ್ಬನೇ. ಗಂಟೆಯ ತಕರಾರು ಮಾತ್ರ ಇದ್ದಲ್ಲೇ ಇತ್ತು. ಯುದ್ಧ ಮುಗಿದು ಸರ್ಕಾರವೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವವರೆಗೆ ನಾನು ದಿನಕ್ಕೆ ಮೂರು ಸಲ ಹದಿಮೂರು ಹೊಡೆದೆ.

೮. ಮಾದಿಹಳ್ಳಿಯ ಗಡಿಯಾರ

ಸಾಹುಕಾರರು ಕೊಟ್ಟದ್ದು, ಮೇಷ್ಟರು ಕೊಟ್ಟದ್ದು, ಎರಡು ಕಾಗದಗಳನ್ನೂ ಜೇಬಿನಲ್ಲಿಟ್ಟುಕೊಂಡು ಮಾದಿಹಳ್ಳಿಗೆ ಹೋದೆ. ಒಂದೇ ತಾ ಎಂದಿದ್ದ ನಿಜ. ಆದರೆ ಎರಡು ಸಂಪಾದಿಸಿ ಒಂದನ್ನು ಬಚ್ಚಿಡುವ ಜಾಯಮಾನ ನನ್ನದಲ್ಲ.

ಮಾವನಿಗೆ ಓದು ಬಾರದು. ಕಾಗದಗಳನ್ನು ಬಾಗಿಲ ಹಿಂದಕ್ಕೆ ಚಾಚಿದ. ಅಲ್ಲಿ ನಿಂತಿದ್ದ ಮಗಳು ನಾಲ್ಕನೇ ಕ್ಲಾಸು ಓದಿದವಳು, ಎರಡನ್ನೂ ಗಟ್ಟಿಯಾಗಿ ಓದಿದಳು. "ಎರಡರಲ್ಲೂ ಖಾಯಂ ಅಂತ ಐತೆ ಅಪ್ಪ."

"ಎರಡು ಕೆಲಸಾನಾ?"

"ಒಂದೇಯ. ಎರಡು ಸಲ ಹೊಡೀತಾರಂತೆ."

ಮಾವ ಕಾಗದಗಳನ್ನು ಮಡಿಸಿ ಪೇಟದೊಳಗೆ ಸಿಕ್ಕಿಸಿಕೊಂಡ. ಒಪ್ಪಿದನೆಂದುಕೊಂಡೆ. ಅವನು ಎದ್ದು ಅಂಗಳಕ್ಕೆ ಬಂದ.

"ನೆರಳು ನೋಡಿ ಹೊತ್ತು ಹೇಳ್ತೀನಿ ಅಂತ ಪೇಟೆ ತುಂಬ ಹೇಳ್ಕಂಡಿದ್ದೀಯಂತಲ್ಲ. ಆ ಹೂವಿನ ಮುದುಕಿ ಹೇಳುದ್ಲು. ಈಗ ಹೇಳು ನೋಡಾನ. ಇದೊಂದು ಸರಿಯಾದ್ರೆ ನಾಳೆನೇ ಲಗ್ನ ಕಟ್ಟುಸ್ತೀನಿ."

ಮಾದಿಹಳ್ಳಿಯಲ್ಲಿ ಸ್ಟೇಷನ್ನಿಲ್ಲ. ಸ್ಟೇಷನ್ನಿಲ್ಲದ ಮೇಲೆ ಗಡಿಯಾರವಿಲ್ಲ. ಬಸ್ಸು ದಾರಿಯಲ್ಲಿ ಎಷ್ಟು ಹೊತ್ತು ಕೆಟ್ಟು ನಿಂತಿತ್ತೋ ನನಗೆ ನೆನಪಿಲ್ಲ. ಆದರೂ ಎದೆಗುಂದದೆ ತೆಂಗಿನ ಮರದ ಬುಡಕ್ಕೆ ಹೋಗಿ, ನೆರಳನ್ನು ಹೆಜ್ಜೆಯಿಂದ ಅಳೆದು, ಒಂದು ಕಣ್ಣು ಮುಚ್ಚಿ ಆಕಾಶ ನೋಡಿ, ಬಾಯಿಗೆ ಬಂದದ್ದನ್ನು ಹೇಳಿದೆ.

"ಹತ್ತೂವರೆ."

ಮಾವ ಅಂಗಿಯ ಜೇಬಿಗೆ ಕೈಹಾಕಿ ಸರಪಳಿ ಕಟ್ಟಿದ ಒಂದು ಗಡಿಯಾರವನ್ನು ಎಳೆದ. ಬೇಲೂರು ಸಂತೆಯಲ್ಲಿ ಕೊಂಡದ್ದಂತೆ, ನನ್ನನ್ನು ಹಿಡಿಯುವುದಕ್ಕೇ ಕೊಂಡಿರಬೇಕು. ಮುಳ್ಳುಗಳನ್ನು ಮಾತ್ರ ಅವನು ಬಲ್ಲ. ಮುಖ ಗೆಲುವಾಯಿತು.

"ಹನ್ನೊಂದೂವರೆ ತೋರುಸ್ತಾ ಐತೆ. ಈಗೇನಂತೀಯ?"

ಒಂದು ಉಸಿರಿನಷ್ಟು ಹೊತ್ತು ನನ್ನ ಲಗ್ನ, ಖಾಯಂ, ಬಸ್ತಿಹಳ್ಳಿಯ ಮಾನ ಎಲ್ಲವೂ ಆ ಸರಪಳಿಯ ತುದಿಯಲ್ಲಿ ತೂಗಾಡಿದವು. ಅಷ್ಟರಲ್ಲಿ ನನಗೆ ಹೊಳೆಯಿತು.

"ಸರಿಯಾಗಿ ಐತೆ ಮಾವ. ನಿನ್ನ ಗಡಿಯಾರದಲ್ಲಿರೋದು ಹೊಸ ಗಂಟೆ. ನೆರಳು ಹೇಳೋದು ಹಳೇ ಗಂಟೆ. ಹತ್ತೂವರೆಗೆ ಒಂದು ಸೇರಿಸು, ಎಷ್ಟಾಗುತ್ತೆ?"

ಮಾವ ಬೆರಳು ಮಡಿಚಿದ. ಇನ್ನೊಂದು ಸಲ ಮಡಿಚಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದ. "ಒಂದು ನಿಮಿಷಾನೂ ತಪ್ಪಿಲ್ವಲ್ಲೋ," ಎಂದು ಮೆಲ್ಲಗೆ ಹೇಳಿ ನನ್ನ ಹೆಗಲ ಮೇಲೆ ಕೈಯಿಟ್ಟ. "ಲಗ್ನ ಕಟ್ಟುಸ್ತೀನಿ. ಮಾತು ಅಂದ್ರೆ ಮಾತು."

ಎರಡು ಗಂಟೆಗಳಿರುವ ಕಾಲದಲ್ಲಿ ಹುಟ್ಟಿದ್ದಕ್ಕೆ ನಾನು ದೇವರಿಗೆ ಕೈಮುಗಿಯುತ್ತಿದ್ದೆ. ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ಅಪ್ಪಾ, ಆ ಗಡಿಯಾರ ನಿಂತು ಎಂಟು ದಿನ ಆತು. ಕೀ ಕೊಡೋಕೆ ಮರ್ತಿದ್ದೀಯ ಅಂತ ನಾನು ನಿನ್ನೆನೇ ಹೇಳ್ಲಿಲ್ವಾ?"

ಮಾವ ಗಡಿಯಾರವನ್ನು ಕಿವಿಗೆ ಹಿಡಿದ. ಅಲ್ಲಾಡಿಸಿ ಮತ್ತೆ ಹಿಡಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ತೆಂಗಿನ ಮರವನ್ನೇ ನೋಡುತ್ತಿದ್ದೆ.

"ಹಂಗಾರೆ ಈಗ ಎಷ್ಟು ಹೊತ್ತವ್ವಾ?" ಎಂದು ಮಾವ ಬಾಗಿಲ ಕಡೆ ಕೇಳಿದ.

"ಉಣ್ಣೋ ಹೊತ್ತು. ಮುದ್ದೆ ಆರೋಗ್ತಾ ಐತೆ. ನೀನೂ ಕೈ ತೊಳ್ಕೊ, ಬಾವನಿಗೂ ತೊಳ್ಕೊಳ್ಳಾಕೆ ಹೇಳು. ಮಾತು ಕೊಟ್ಟಿದ್ದಾಯ್ತಲ್ಲ, ಇನ್ನೇನು ನೆರಳು ನೋಡೋದು?"

ಮಾವ ಗಡಿಯಾರವನ್ನು ಜೇಬಿಗಿಳಿಸಿ ಕೈ ತೊಳೆಯಲು ಹೋದ. ನಾನು ಅವನಿಗಿಂತ ಬೇಗ ಹೋದೆ. ಇಡೀ ಪೇಟೆ ಬೀದಿಗೆ ಹೊತ್ತು ತಿಳಿಸುವವನು ನಾನೇ, ಅದರಲ್ಲಿ ಇವತ್ತಿಗೂ ಸಂಶಯವಿಲ್ಲ. ನಮ್ಮ ಮನೆಗೆ ಯಾರೆಂಬುದು ಮಾತ್ರ ಆವತ್ತು ಮುದ್ದೆಯ ಮುಂದೆ ಕೂತಾಗಲೇ ತೀರ್ಮಾನವಾಗಿಹೋಯಿತು, ಸಭೆಯಿಲ್ಲದೆ, ಒಮ್ಮತದಿಂದ.